ಕಲ್ಯಾಣ ಕರ್ನಾಟಕದ ಅಭಿವೃದ್ಧಿಗೆ ಸರ್ಕಾರದ ವಿಶೇಷ ನೆರವು

ಕಲ್ಯಾಣ ಕರ್ನಾಟಕವು ಕರ್ನಾಟಕ ರಾಜ್ಯದ ಈಶಾನ್ಯ ಭಾಗದಲ್ಲಿರುವ ಪ್ರದೇಶ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳು ಇದರ ವ್ಯಾಪ್ತಿಗೆ ಸೇರುತ್ತವೆ. 2019ರ ಸೆಪ್ಟೆಂಬರ್‌ವರೆಗೆ ಇದನ್ನು ಹೈದರಾಬಾದ್ ಕರ್ನಾಟಕ ಎಂದು ಕರೆಯಲಾಗುತ್ತಿತ್ತು. ಶಿಕ್ಷಣ, ಆರೋಗ್ಯ ಮತ್ತು ತಲಾ ಆದಾಯಗಳಲ್ಲಿ ರಾಜ್ಯದ ಇತರ ಭಾಗಗಳಿಗಿಂತ ಹಿಂದುಳಿದಿರುವ ಈ ಪ್ರದೇಶಕ್ಕೆ ಭಾರತ ಸಂವಿಧಾನದ 371(ಜೆ) ವಿಧಿಯು ವಿಶೇಷ ಸ್ಥಾನಮಾನ ನೀಡಿದೆ. ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಉದ್ಯೋಗ ಮೀಸಲಾತಿ ಮತ್ತು ಶಿಕ್ಷಣದಲ್ಲಿ ಸ್ಥಳೀಯರಿಗೆ ಮೀಸಲಾತಿ ಈ ನೆರವಿನ ಮುಖ್ಯ ಅಂಗಗಳಾಗಿವೆ.

ಹಿನ್ನೆಲೆ

ಬೀದರ್, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳು ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದವು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನವು ಭಾರತದ ಒಕ್ಕೂಟದ ವಶಕ್ಕೆ ಬಂದಿತು. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಈ ಮೂರು ಜಿಲ್ಲೆಗಳ ಕನ್ನಡ ಪ್ರದೇಶಗಳು ಮೈಸೂರು ರಾಜ್ಯವನ್ನು ಸೇರಿದವು. ಬಳ್ಳಾರಿಯ ಇತಿಹಾಸ ಬೇರೆ. ಅದು ಮದ್ರಾಸ್ ಪ್ರಾಂತ್ಯದಲ್ಲಿದ್ದು, 1953ರಲ್ಲಿಯೇ ಮೈಸೂರಿಗೆ ಸೇರಿತ್ತು. ಮುಂದೆ ರಾಯಚೂರಿನಿಂದ ಕೊಪ್ಪಳ, ಗುಲ್ಬರ್ಗಾದಿಂದ ಯಾದಗಿರಿ ಹಾಗೂ ಬಳ್ಳಾರಿಯಿಂದ ವಿಜಯನಗರ ಪ್ರತ್ಯೇಕ ಜಿಲ್ಲೆಗಳಾದವು.

ಹಳೆಯ ಮೈಸೂರು ಪ್ರದೇಶದಲ್ಲಿ ಏಕೀಕರಣಕ್ಕೆ ಮೊದಲೇ ಶಾಲೆ, ವಿದ್ಯುತ್, ಕೈಗಾರಿಕೆ ಮತ್ತು ವಿಶ್ವವಿದ್ಯಾಲಯಗಳು ನೆಲೆಯೂರಿದ್ದವು. ನಿಜಾಮರ ಆಳ್ವಿಕೆಯ ಜಿಲ್ಲೆಗಳಲ್ಲಿ ಕನ್ನಡ ಶಿಕ್ಷಣಕ್ಕೆ ಅಂತಹ ಆಸರೆ ಇರಲಿಲ್ಲ. ಕಡಿಮೆ ಮಳೆ ಮತ್ತು ಮೇಲಿಂದ ಮೇಲೆ ಬರುವ ಬರಗಾಲ ಈ ಅಂತರವನ್ನು ಹೆಚ್ಚಿಸಿದವು.

ನಂಜುಂಡಪ್ಪ ಸಮಿತಿ

ಪ್ರಾದೇಶಿಕ ಅಸಮತೋಲನದ ನಿವಾರಣೆಗಾಗಿ ರಾಜ್ಯ ಸರ್ಕಾರವು 2000ದಲ್ಲಿ ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿಯನ್ನು ನೇಮಿಸಿತು. 2002ರಲ್ಲಿ ವರದಿ ಸಲ್ಲಿಸಿದ ಸಮಿತಿಯು ಜಿಲ್ಲೆಯ ಬದಲು ತಾಲೂಕನ್ನು ಅಳತೆಯ ಘಟಕವಾಗಿ ತೆಗೆದುಕೊಂಡಿತು. 35 ಸೂಚಕಗಳನ್ನು ಬಳಸಿ, ಅಂದಿನ 175 ತಾಲೂಕುಗಳಲ್ಲಿ 114 ತಾಲೂಕುಗಳು ಹಿಂದುಳಿದಿವೆ ಎಂದು ಗುರುತಿಸಿತು. ಇವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು ಮತ್ತು 35 ಹಿಂದುಳಿದವು. ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ಗುಲ್ಬರ್ಗಾ ವಿಭಾಗವೊಂದರಲ್ಲಿಯೇ ಇದ್ದವು. ದಕ್ಷಿಣ ಕರ್ನಾಟಕದ 13 ತಾಲೂಕುಗಳೂ ಈ ಪಟ್ಟಿಯಲ್ಲಿದ್ದುದರಿಂದ, ಹಿಂದುಳಿದಿರುವಿಕೆ ಕೇವಲ ಉತ್ತರದ ಸಮಸ್ಯೆಯಲ್ಲ ಎಂಬುದೂ ಸ್ಪಷ್ಟವಾಯಿತು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ವೆಚ್ಚದ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿ ಶಿಫಾರಸು ಮಾಡಿತು. ಯೋಜನೆಯ ಅನುಷ್ಠಾನ 2007-08ರಲ್ಲಿ ಆರಂಭವಾಯಿತು.

371(ಜೆ) ವಿಧಿ

ಆಂಧ್ರಪ್ರದೇಶಕ್ಕೆ 371(ಡಿ) ವಿಧಿಯ ಮೂಲಕ ದೊರೆತಿದ್ದ ಸೌಲಭ್ಯವನ್ನು ಈ ಪ್ರದೇಶಕ್ಕೂ ನೀಡಬೇಕೆಂಬ ಹೋರಾಟ ದೀರ್ಘಕಾಲ ನಡೆಯಿತು. ಮಾಜಿ ಸಚಿವ ವೈಜನಾಥ ಪಾಟೀಲ ಅವರು ಇದರ ಮುಂಚೂಣಿಯಲ್ಲಿದ್ದರು. 2012ರ ಡಿಸೆಂಬರ್‌ನಲ್ಲಿ ಸಂಸತ್ತಿನ ಉಭಯ ಸದನಗಳು ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿದವು. ಸಂವಿಧಾನದ 98ನೇ ತಿದ್ದುಪಡಿಯಾದ ಇದು 2013ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು.

ಈ ವಿಧಿಯ ಪ್ರಕಾರ ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಸ್ಥಾಪಿಸುವ ವಿಶೇಷ ಹೊಣೆಯನ್ನು ರಾಷ್ಟ್ರಪತಿಗಳು ಆದೇಶದ ಮೂಲಕ ರಾಜ್ಯಪಾಲರಿಗೆ ವಹಿಸಬಹುದು. ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕು. ಇಡೀ ರಾಜ್ಯದ ಅಗತ್ಯಗಳಿಗೆ ಒಳಪಟ್ಟು ಹಣವನ್ನು ನ್ಯಾಯಸಮ್ಮತವಾಗಿ ಹಂಚಬೇಕು.

ರಾಜ್ಯ ಸರ್ಕಾರದ 2013ರ ಆದೇಶದಂತೆ ಪ್ರದೇಶದೊಳಗಿನ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ‘ಬಿ’ ವೃಂದದಲ್ಲಿ ಶೇ. 75, ‘ಸಿ’ ವೃಂದದಲ್ಲಿ ಶೇ. 80 ಮತ್ತು ‘ಡಿ’ ವೃಂದದಲ್ಲಿ ಶೇ. 85ರಷ್ಟು ಮೀಸಲಾತಿ ಇದೆ. ರಾಜ್ಯಮಟ್ಟದ ಕಚೇರಿಗಳಲ್ಲಿ ಈ ಪ್ರಮಾಣ ಶೇ. 8. ಶಿಕ್ಷಣದಲ್ಲಿ ಪ್ರದೇಶದ ಸಂಸ್ಥೆಗಳ ಶೇ. 70 ಹಾಗೂ ರಾಜ್ಯಮಟ್ಟದ ಸಂಸ್ಥೆಗಳ ಶೇ. 8 ಸೀಟುಗಳು ಸ್ಥಳೀಯ ಅಭ್ಯರ್ಥಿಗಳಿಗೆ ಮೀಸಲು.

ಅಭಿವೃದ್ಧಿ ಮಂಡಳಿ

1991ರ ಕಾಯ್ದೆಯ ಅಡಿಯಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಒಂದು ಪ್ರದೇಶಾಭಿವೃದ್ಧಿ ಮಂಡಳಿ ಮೊದಲೇ ಇತ್ತು. ಅದೇ ಕಾಲದಲ್ಲಿ ಶಿವಮೊಗ್ಗವನ್ನು ಕೇಂದ್ರವಾಗಿಸಿಕೊಂಡ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯೂ ರಚನೆಯಾಯಿತು. ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲೂಕುಗಳು ಈ ಎರಡನೆಯ ಮಂಡಳಿಯ ವ್ಯಾಪ್ತಿಗೆ ಬರುತ್ತವೆ. ಚದುರಿದ ಮನೆಗಳು, ಭಾರಿ ಮಳೆ ಮತ್ತು ಹಳ್ಳ ದಾಟಲು ಬೇಕಾದ ಕಾಲುಸಂಕಗಳು ಮಲೆನಾಡಿನ ಕೊರತೆಗಳಾದರೆ, ನೀರು, ಶಾಲೆ ಮತ್ತು ಉದ್ಯೋಗ ಬಯಲಿನ ಕೊರತೆಗಳು. ಎರಡೂ ಮಂಡಳಿಗಳು ರಾಜ್ಯದ ಸಾಮಾನ್ಯ ಕಾಯ್ದೆಯಿಂದ ಹುಟ್ಟಿದವು. 2013ರ ನಂತರ ಕಲಬುರಗಿಯ ಮಂಡಳಿಗೆ ಮಾತ್ರ ಸಂವಿಧಾನದ ಬಲ ದೊರೆಯಿತು.

ಈಗಿನ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ಕಲಬುರಗಿಯಲ್ಲಿದೆ. ರಸ್ತೆ, ಶಾಲಾ ಕೊಠಡಿ, ಆಸ್ಪತ್ರೆ ಮತ್ತು ಕುಡಿಯುವ ನೀರಿನ ಕಾಮಗಾರಿಗಳಿಗೆ ಅದು ಹಣ ಒದಗಿಸುತ್ತದೆ. 2022-23ರ ಆಯವ್ಯಯದಲ್ಲಿ 3,000 ಕೋಟಿ ರೂಪಾಯಿ ಇದ್ದ ಅನುದಾನವನ್ನು 2023-24ರಲ್ಲಿ 5,000 ಕೋಟಿಗೆ ಏರಿಸಲಾಯಿತು. ಶಿಕ್ಷಣಕ್ಕಾಗಿ ‘ಅಕ್ಷರ ಆವಿಷ್ಕಾರ’ ಎಂಬ ಕಾರ್ಯಕ್ರಮವನ್ನು ರೂಪಿಸಲಾಗಿದೆ.

ಪರಿಣಾಮ ಮತ್ತು ವಿಮರ್ಶೆ

ವಿಶೇಷ ಸ್ಥಾನಮಾನದ ಫಲ ಶಿಕ್ಷಣದಲ್ಲಿ ಬೇಗ ಕಂಡುಬಂದಿದೆ. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕೋರ್ಸ್‌ಗಳಲ್ಲಿ ಮೀಸಲು ಸೀಟುಗಳು ಪ್ರತಿವರ್ಷ ತುಂಬುವುದರಿಂದ ಅದರ ಲಾಭ ನೇರವಾದುದು. ಉದ್ಯೋಗದಲ್ಲಿ ಹಾಗಲ್ಲ. ನೇಮಕಾತಿ ನಡೆಯದಿದ್ದರೆ ಮೀಸಲಾತಿಯ ಪ್ರಮಾಣ ಎಷ್ಟಿದ್ದರೂ ಪ್ರಯೋಜನವಿಲ್ಲ. ಶಿಕ್ಷಕರ ಮತ್ತು ವೈದ್ಯರ ಹುದ್ದೆಗಳು ಖಾಲಿ ಉಳಿದಿರುವುದು ಈ ಭಾಗದ ಬಹುಕಾಲದ ದೂರು.

ಮೂಲ ಶಿಕ್ಷಣದ ಕೊರತೆಯು ಈ ಸೌಲಭ್ಯಕ್ಕೆ ಇನ್ನೊಂದು ಮಿತಿಯಾಗಿದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದರೆ, ಯಾದಗಿರಿಯದು ಶೇ. 51.83 ಮತ್ತು ರಾಯಚೂರಿನದು ಶೇ. 59.56 ಆಗಿತ್ತು. ಚಿಕ್ಕಮಗಳೂರು ಜಿಲ್ಲೆಯ ಪ್ರಮಾಣ ಶೇ. 79.25. ಪ್ರೌಢಶಾಲೆಯನ್ನೇ ಮುಗಿಸದ ಮಗುವಿಗೆ ಕಾಲೇಜಿನ ಮೀಸಲು ಸೀಟು ಎಟಕುವುದಿಲ್ಲ. ಹೀಗಾಗಿ ಸೌಲಭ್ಯವು ಪ್ರದೇಶದೊಳಗೇ ನಗರವಾಸಿಗಳಿಗೆ ಹಾಗೂ ಅನುಕೂಲಸ್ಥರಿಗೆ ಹೆಚ್ಚಾಗಿ ದೊರೆಯುವ ಸಾಧ್ಯತೆಯಿದೆ.

ನೀರಾವರಿಯೊಂದೇ ಅಭಿವೃದ್ಧಿಯಲ್ಲ ಎಂಬುದಕ್ಕೂ ಈ ಪ್ರದೇಶ ನಿದರ್ಶನ. ತುಂಗಭದ್ರಾ ಕಾಲುವೆಯಿಂದ ಸಿಂಧನೂರು ಭಾಗ ಭತ್ತದ ಕಣಜವಾಯಿತು. ನಾರಾಯಣಪುರ ಎಡದಂಡೆ ಕಾಲುವೆಯಿಂದ ಸುರಪುರ, ಶಹಾಪುರಗಳಿಗೆ ಕೃಷ್ಣೆಯ ನೀರು ಬಂದಿತು. ಆದರೂ ರಾಯಚೂರು, ಯಾದಗಿರಿ ಜಿಲ್ಲೆಗಳ ಕೂಲಿಕಾರ್ಮಿಕರು ಕಟ್ಟಡ ಕೆಲಸಕ್ಕಾಗಿ ಬೆಂಗಳೂರು, ಹೈದರಾಬಾದ್, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವುದು ನಿಂತಿಲ್ಲ. ಹೆತ್ತವರೊಂದಿಗೆ ಹೊರಟ ಮಕ್ಕಳು ಶಾಲೆಯಿಂದ ದೂರವಾಗುತ್ತಾರೆ.

ಮಂಡಳಿಯ ಅನುದಾನದ ಬಗ್ಗೆ ಎರಡು ಆಕ್ಷೇಪಗಳು ಮುಖ್ಯವಾಗಿವೆ. ಮೊದಲನೆಯದು, ಘೋಷಿಸಿದ ಮೊತ್ತಕ್ಕೂ ವೆಚ್ಚವಾದ ಮೊತ್ತಕ್ಕೂ ಇರುವ ಅಂತರ. ಎರಡನೆಯದು, ಇಲಾಖೆಗಳು ತಮ್ಮ ಸಾಮಾನ್ಯ ಆಯವ್ಯಯದಿಂದ ಮಾಡಬೇಕಾದ ಕೆಲಸವನ್ನು ಮಂಡಳಿಯ ಹಣದಿಂದ ಮಾಡಿದರೆ, ಹೆಚ್ಚುವರಿ ನೆರವು ಹೆಚ್ಚುವರಿಯಾಗಿ ಉಳಿಯುವುದಿಲ್ಲ ಎಂಬುದು. ಇನ್ನೊಂದೆಡೆ, ಸ್ಥಳೀಯ ಮೀಸಲಾತಿಯಿಂದ ತಮಗೆ ಅವಕಾಶ ಕಡಿಮೆಯಾಗುತ್ತಿದೆ ಎಂದು ರಾಜ್ಯದ ಇತರ ಭಾಗಗಳ ಅಭ್ಯರ್ಥಿಗಳು ವಿರೋಧಿಸಿದ್ದಾರೆ. ಶತಮಾನದ ಹಿನ್ನಡೆಯನ್ನು ತುಂಬಲು ಈ ಸೌಲಭ್ಯ ಅನಿವಾರ್ಯ ಎಂಬುದು ಸಮರ್ಥಕರ ವಾದ.

ಮುಂದಿನ ಹಂತ

ನಂಜುಂಡಪ್ಪ ವರದಿಯ ನಂತರ ಹೊಸ ಜಿಲ್ಲೆಗಳೂ ತಾಲೂಕುಗಳೂ ರಚನೆಯಾಗಿರುವುದರಿಂದ ಹಳೆಯ ಸೂಚ್ಯಂಕವು ಇಂದಿನ ಸ್ಥಿತಿಯನ್ನು ಪೂರ್ಣವಾಗಿ ತೋರಿಸುವುದಿಲ್ಲ. ಮರುಪರಿಶೀಲನೆಗಾಗಿ ಸರ್ಕಾರವು 2024ರಲ್ಲಿ ಅರ್ಥಶಾಸ್ತ್ರಜ್ಞ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿಯನ್ನು ರಚಿಸಿತು. 371(ಜೆ) ವಿಧಿಯು ನೆರವಿನ ಹಕ್ಕನ್ನು ಖಚಿತಪಡಿಸಿದೆ. ಆ ನೆರವು ಗುಳೆ ಹೋಗುವ ಕುಟುಂಬದ ಮಗುವನ್ನು ಶಾಲೆಯಲ್ಲಿ ಉಳಿಸುವಷ್ಟು ತಳಮಟ್ಟಕ್ಕೆ ತಲುಪುವುದು ಹುದ್ದೆಗಳ ಭರ್ತಿ ಹಾಗೂ ಹಣದ ಸಕಾಲಿಕ ಬಳಕೆಯನ್ನು ಅವಲಂಬಿಸಿದೆ.