ವಂಶದ ಬೇರು ಮತ್ತು ಶಾಲೆಯ ದಫ್ತರ

ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಹಳೆಯ ನೆನಪುಗಳನ್ನು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡರು. ನೆನಪುಗಳಿಗಿಂತ ಅಗತ್ಯವಾದ ಒಂದು ಮಾತನ್ನು ಹೇಳಬಯಸುತ್ತೇನೆ.

ಕೆಲವು ತಿಂಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. "ಗುರುಗಳೇ, ನಮ್ಮ ಮೂಲ ಊರು ಯಾವುದೆಂದು ಮಗಳು ಕೇಳುತ್ತಾಳೆ. ಅಪ್ಪ ಬಾಗಲಕೋಟೆ ಕಡೆ ಎನ್ನುತ್ತಿದ್ದರು, ಹಳ್ಳಿಯ ಹೆಸರು ಗೊತ್ತಿಲ್ಲ" ಎಂದನು. ಇಬ್ಬರೂ ಶಾಲೆಗೆ ಹೋಗಿ ಜನರಲ್ ರಜಿಸ್ಟರ್ ತೆಗೆಸಿದೆವು. 'ಜನ್ಮಸ್ಥಳ'ದ ಕಲಮಿನಲ್ಲಿ ಆ ಹಳ್ಳಿಯ ಹೆಸರಿತ್ತು. ಅವನ ಕಣ್ಣು ತೇವಗೊಂಡಿತು.

ನಮ್ಮ ನೆರೆಹೊರೆಯ ಗೋಮಂತಕದ ಕುಟುಂಬಗಳಿಗೆ ಗಾಂವಕಾರಿಯ ದಫ್ತರಗಳಿವೆ, ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳಿವೆ, 1595ರಷ್ಟು ಹಿಂದೆ ಆರಂಭವಾದ ಪಣಜಿಯ ಪತ್ರಾಗಾರವಿದೆ. 1961ರ ವಿಮೋಚನೆಯ ನಂತರ ಬಂದರು, ಗಣಿ, ಕಟ್ಟಡಗಳ ದುಡಿಮೆಗೆ ಬಂದ ನಮ್ಮವರ ದಾಖಲೆಗಳು ಘಟ್ಟದ ಮೇಲೆಯೇ ಉಳಿದವು.

ಅವು ಅಲ್ಲಿ ಇಂದಿಗೂ ದೊರೆಯಬಹುದು. ಆಂಗ್ಲರ ಕಾಲದ ಮುಂಬಯಿ ಪ್ರಾಂತದಲ್ಲಿ ಭೂಮಾಪನದ ಕಾಗದಗಳು, ಹಕ್ಕುದಾಖಲೆಗಳು, ಜನನ ಮರಣದ ಪುಸ್ತಕಗಳು ಸಿದ್ಧವಾದವು. ಭೂಮಿಯ ಒಡೆಯನು ತೀರಿಕೊಂಡಾಗ ವಾರಸಾ ನೋಂದಣಿಯಲ್ಲಿ ವಾರಸುದಾರರ ಹೆಸರು ಬರುತ್ತಿತ್ತು. ಒಂದೊಂದು ನೋಂದಣಿಯೂ ಒಂದು ತಲೆಮಾರಿನ ಮೆಟ್ಟಿಲು. ಆದರೆ ಹುಡುಕುವವರು ಗಡಿಗಳನ್ನು ಅರಿತಿರಬೇಕು. ವಿಜಾಪುರ ಜಿಲ್ಲೆ ಮೊದಲು ಕಲಾದಗಿ ಜಿಲ್ಲೆಯಾಗಿತ್ತು. ಮುಧೋಳ, ಜಮಖಂಡಿಗಳು 1948ರವರೆಗೆ ಸಂಸ್ಥಾನಗಳು. ರಾಯಚೂರು, ಕೊಪ್ಪಳಗಳು ನಿಜಾಮರ ಆಡಳಿತದಲ್ಲಿದ್ದವು. ಹಳೆಯ ಕಡತಗಳಲ್ಲಿ ಮೋಡಿ ಲಿಪಿ, ಮೇಲಿನ ಕಚೇರಿಗಳಲ್ಲಿ ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದ ನಾನು 1884ರ ವಿಜಾಪುರ ಗೆಝೆಟಿಯರನ್ನು ನಿಘಂಟು ಹಿಡಿದು ಓದಿದೆ. ಅದರಲ್ಲಿ 1876-77ರ ಭೀಕರ ಕ್ಷಾಮದ ವೃತ್ತಾಂತವಿದೆ. ನಮ್ಮ ಜನ ಊರು ಬಿಡುವುದು ನಿನ್ನೆ ಮೊನ್ನೆಯ ಕಥೆಯಲ್ಲವೆಂದು ಆಗ ಅರಿತೆ.

ಆದರೂ ಒಂದು ಕೊರತೆ ಉಂಟು. ಭೂಮಿಯ ದಾಖಲೆಯಲ್ಲಿ ಭೂಮಿಯಿದ್ದವರ ಹೆಸರಷ್ಟೇ ಕಾಣುತ್ತದೆ. ಕೂಲಿ ಮಾಡಿ ಬದುಕಿದವರು ಅಲ್ಲಿಲ್ಲ. 1956ರ ಉತ್ತರಾಧಿಕಾರ ಕಾನೂನಿಗೆ ಮುಂಚೆ, ಗಂಡುಮಕ್ಕಳಿದ್ದ ಹಿಂದೂ ಮನೆಗಳಲ್ಲಿ ಹೆಣ್ಣುಮಕ್ಕಳ ಹೆಸರೂ ಸಾಮಾನ್ಯವಾಗಿ ಇಲ್ಲ. ಬಡವನ ಮಗನೂ ಮಗಳೂ ಸಮಾನವಾಗಿ ಒಂದೊಂದು ಸಾಲು ಪಡೆದದ್ದು ಶಾಲೆಯ ರಜಿಸ್ಟರಿನಲ್ಲಿ. ಆದುದರಿಂದ ಅದು ಬರಿಯ ಕಚೇರಿ ಪುಸ್ತಕವಲ್ಲ, ನಮ್ಮ ಸಮಾಜದ ವಂಶಾವಳಿ ಎಂದು ನನ್ನ ಅಭಿಪ್ರಾಯ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಜನ್ಮದಿನ ತಿಳಿಯದ ಎಷ್ಟೋ ಮಕ್ಕಳಿಗೆ ಜೂನ್ 1 ಎಂದು ಬರೆದವನು ನಾನೇ. "ಮಳೆಗಾಲದಲ್ಲಿ ಹುಟ್ಟಿದ, ಸರ್" ಎಂದು ತಾಯಿ ಹೇಳಿದ್ದನ್ನು ಬದಿಯಲ್ಲಿ ಬರೆದಿದ್ದರೂ ಸಾಕಿತ್ತು. ಅವಸರದಲ್ಲಿ ಅದನ್ನೂ ಮಾಡಲಿಲ್ಲ. ದಾಖಲೆಯಲ್ಲಿರುವುದೆಲ್ಲ ಸತ್ಯವೆಂದು ನಂಬದೆ, ಹಿರಿಯರ ಮಾತಿನೊಂದಿಗೆ ತಾಳೆ ನೋಡಬೇಕೆಂಬುದಕ್ಕೆ ಇದೇ ನಿದರ್ಶನ.

ಗೋವೆಯ ಮಳೆಗಾಲದ ತೇವ, ಗೆದ್ದಲು ನಮ್ಮ ರಜಿಸ್ಟರುಗಳನ್ನು ಈಗಾಗಲೇ ಮುಟ್ಟಿವೆ. ಆಡಳಿತ ಮಂಡಳಿಯವರು ಅವುಗಳಿಗೆ ಹೊಸ ರಟ್ಟು ಕಟ್ಟಿಸಿ, ಪ್ರತಿ ಪುಟದ ಛಾಯಾಪ್ರತಿ ತೆಗೆಸಿಡಲಿ. ಜಾತಿ ಮೊದಲಾದ ವಿವರಗಳಿರುವುದರಿಂದ ಆಯಾ ಮನೆತನದವರಿಗೆ ಮಾತ್ರ ತೋರಿಸಲಿ. ಹಳೆಯ ವಿದ್ಯಾರ್ಥಿಗಳು ಮನೆಯ ಹಿರಿಯರ ಬಳಿ ಕುಳಿತು ಅಜ್ಜ, ಮುತ್ತಜ್ಜರ ಹೆಸರಿನೊಡನೆ ಅಜ್ಜಿ, ಮುತ್ತಜ್ಜಿಯರ ಹೆಸರು, ತವರೂರುಗಳನ್ನೂ ಬರೆದುಕೊಳ್ಳಲಿ. ಶಾಲೆಗೆ ನೂರು ತುಂಬುವಾಗ ಕೇಳುವ ಮಕ್ಕಳಿರುತ್ತಾರೆ, ಹೇಳುವ ನಾವಿರುವುದಿಲ್ಲ.