ಹೊಟ್ಟೆನೋವು ಎಂದ ಹುಡುಗನಿಗೆ ನೋಯುತ್ತಿರುವುದೆಲ್ಲಿ?

ಗಂಡುಮಕ್ಕಳ ಹೊಟ್ಟೆನೋವೆಲ್ಲ ಹೊಟ್ಟೆಯದೇ ಆಗಿರುವುದಿಲ್ಲ. ವೃಷಣ ತಿರುಚಿಕೊಂಡಾಗ ಅದಕ್ಕೆ ರಕ್ತ ಒಯ್ಯುವ ನಾಳಗಳು ಹಗ್ಗದಂತೆ ಹುರಿಗೊಂಡು ಬಿಗಿಯುತ್ತವೆ, ರಕ್ತ ಹರಿಯುವುದು ನಿಲ್ಲುತ್ತದೆ. ಎಷ್ಟೋ ಹುಡುಗರಿಗೆ ಆ ನೋವು ಮೊದಲು ಕಾಣಿಸುವುದು ಕಿಬ್ಬೊಟ್ಟೆಯಲ್ಲಿ. ಗರ್ಭದಲ್ಲಿ ವೃಷಣ ರೂಪುಗೊಳ್ಳುವುದು ಮೂತ್ರಪಿಂಡದ ಹತ್ತಿರ. ಕೆಳಗಿಳಿದ ಮೇಲೂ ಅದರ ನರಗಳ ನಂಟು ಹೊಟ್ಟೆಯ ಜೊತೆಗೇ ಉಳಿದಿರುತ್ತದೆ. ವಾಂತಿಯೂ ಆಗುವುದರಿಂದ ಮನೆಯವರು ಅಜೀರ್ಣವೆಂದೋ ಬಟ್ಟಿ ಸರಿದಿದೆಯೆಂದೋ, ವೈದ್ಯರು ಅಪೆಂಡಿಸೈಟಿಸ್ ಎಂದೋ ತಿಳಿಯುತ್ತಾರೆ.

25 ವರ್ಷದೊಳಗಿನ ಗಂಡಸರಲ್ಲಿ ವರ್ಷಕ್ಕೆ ಸುಮಾರು 4,000ಕ್ಕೆ ಒಬ್ಬರಿಗೆ ಹೀಗಾಗುತ್ತದೆ. ಹೆಚ್ಚಿನವರು 12ರಿಂದ 18ರ ವಯಸ್ಸಿನವರು. 6 ಗಂಟೆಯೊಳಗೆ ತಿರುಚು ಬಿಡಿಸಿದರೆ 10ರಲ್ಲಿ 9 ವೃಷಣಗಳು ಉಳಿಯುತ್ತವೆ. 12 ಗಂಟೆಯಾದರೆ ಸುಮಾರು ಅರ್ಧ. 24 ಗಂಟೆ ದಾಟಿದ ಮೇಲೆ ಉಳಿಯುವುದು ಅಪರೂಪ.

ಈ ಹೊತ್ತು ಕಳೆದುಹೋಗುವುದೆಲ್ಲಿ? ದಾರಿಯಲ್ಲಂತೂ ಅಲ್ಲ. ವಿಜಯಪುರ ಜಿಲ್ಲೆಯನ್ನೇ ನೋಡಿ: ತಿಕೋಟಾದಿಂದಾಗಲಿ ಬಬಲೇಶ್ವರದಿಂದಾಗಲಿ ವಿಜಯಪುರ ನಗರ ಒಂದು ಗಂಟೆಯೊಳಗಿನ ಹಾದಿ. ನಗರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ಬಿಎಲ್‌ಡಿಇ ಮತ್ತು ಅಲ್-ಅಮೀನ್ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಹೊತ್ತನ್ನು ನುಂಗುವುದು ನಾಚಿಕೆ. ನಡುರಾತ್ರಿ ನೋವಿಗೆ ಎಚ್ಚರವಾದ ಹುಡುಗ ‘ಯವ್ವಾ, ಹೊಟ್ಟಿ ನೋಯಾಕತ್ತೈತಿ’ ಎನ್ನುತ್ತಾನೆ. ಅದರ ಕೆಳಗಿನ ಮಾತು ಅವನ ಬಾಯಿಗೆ ಬರುವುದಿಲ್ಲ. ತಾಯಿ ಅಜವಾನ ಕೊಡುತ್ತಾಳೆ. ಬೆಳಗ್ಗೆ ಔಷಧಿ ಅಂಗಡಿಯ ಗುಳಿಗೆ, ಮಧ್ಯಾಹ್ನ ಒಂದು ಇಂಜೆಕ್ಷನ್. ಅಷ್ಟರಲ್ಲಿ 12 ಗಂಟೆ ಮುಗಿದಿರುತ್ತದೆ. ಇದಕ್ಕೆ ಹುಡುಗನನ್ನು ದೂರುವುದು ಅನ್ಯಾಯ. ಆ ಅಂಗದ ಹೆಸರೆತ್ತಿದರೆ ಗದರುವ ಮನೆಯಲ್ಲಿ ಅವನು ಅದನ್ನು ಯಾವ ಮಾತಿನಲ್ಲಿ ಹೇಳಬೇಕು?

ಆದ್ದರಿಂದ ಕೇಳುವ, ನೋಡುವ ಹೊಣೆ ದೊಡ್ಡವರದು, ಅದರಲ್ಲೂ ವೈದ್ಯರದು. ಹೊಟ್ಟೆ ಒತ್ತಿ ನೋಡಿದ ಕೈ ಅಲ್ಲಿಗೇ ನಿಲ್ಲಬಾರದು; ಚಡ್ಡಿ ಬಿಚ್ಚಿಸಿ ನೋಡದ ಹೊಟ್ಟೆಯ ತಪಾಸಣೆ ಅರ್ಧ ತಪಾಸಣೆ. ತಿರುಚಿದ ವೃಷಣ ಇನ್ನೊಂದಕ್ಕಿಂತ ಮೇಲಕ್ಕೇರಿ ಅಡ್ಡ ಮಲಗಿರುತ್ತದೆ, ಗಟ್ಟಿಯಾಗಿರುತ್ತದೆ, ಮುಟ್ಟಗೊಡುವುದಿಲ್ಲ. ತೊಡೆಯ ಒಳಬದಿಯನ್ನು ಮೆಲ್ಲಗೆ ಗೀರಿದರೆ ಆರೋಗ್ಯವಂತ ಹುಡುಗರಲ್ಲಿ ಆ ಕಡೆಯ ವೃಷಣ ಸರಕ್ಕನೆ ಮೇಲಕ್ಕೆ ಸರಿಯುತ್ತದೆ. ತಿರುಚಿದ್ದರೆ ಸಾಮಾನ್ಯವಾಗಿ ಅಲುಗುವುದಿಲ್ಲ. ಅಲುಗಿತೆಂದ ಮಾತ್ರಕ್ಕೆ ಅಪಾಯವಿಲ್ಲವೆಂದು ತೀರ್ಮಾನಿಸುವಂತೆಯೂ ಇಲ್ಲ. ನೋವು ತಾನಾಗಿ ಇಳಿದರೆ ತಿರುಚು ಬಿಟ್ಟಿರಬಹುದು, ಮತ್ತೆ ಬರಬಹುದು, ವೃಷಣ ಸತ್ತಿರಲೂಬಹುದು.

ತಿರುಚು ಬಿಡಿಸುವ ಶಸ್ತ್ರಚಿಕಿತ್ಸೆಯನ್ನು ಸ್ಕ್ಯಾನಿಂಗ್ ಇಲ್ಲದೆ ಮಾಡುವುದು ಆತುರವಲ್ಲವೇ ಎಂಬ ಆಕ್ಷೇಪ ಸಾಮಾನ್ಯ. ಡಾಪ್ಲರ್ ಸ್ಕ್ಯಾನ್ ರಕ್ತದ ಹರಿವನ್ನು ತೋರಿಸುತ್ತದೆ, ಸಂಶಯವಿದ್ದಾಗ ಉಪಯುಕ್ತವೂ ಹೌದು. ಆದರೆ ಲಕ್ಷಣಗಳು ಸ್ಪಷ್ಟವಾಗಿದ್ದರೆ ಅದಕ್ಕಾಗಿ ಕಾಯಕೂಡದು. ಬಿಚ್ಚಿ ನೋಡಿ ಏನೂ ಸಿಗದಿದ್ದರೆ ಉಳಿಯುವುದು ಸಣ್ಣ ಗಾಯ. ಕಾಯುತ್ತ ಕಳೆದುಕೊಂಡ ವೃಷಣ ಮರಳಿ ಬರುವುದಿಲ್ಲ. ತಿರುಚಿಗೆ ದಾರಿಮಾಡುವ, ವೃಷಣ ಗಂಟೆಯ ನಾಲಗೆಯಂತೆ ಸಡಿಲವಾಗಿ ತೂಗುವ ದೋಷ ಹೆಚ್ಚಾಗಿ ಎರಡೂ ಕಡೆ ಇರುವುದರಿಂದ ಇನ್ನೊಂದನ್ನೂ ಅಂದೇ ಹೊಲಿದು ಭದ್ರಪಡಿಸುತ್ತಾರೆ.

ಆಸ್ಪತ್ರೆಗೆ ಹೊರಡುವಾಗ ಹುಡುಗನಿಗೆ ತಿನ್ನಲು, ಕುಡಿಯಲು ಏನೂ ಕೊಡಬೇಡಿ. ನೋವು ಶುರುವಾದದ್ದು ಎಷ್ಟು ಗಂಟೆಗೆ ಎಂಬುದನ್ನು ವೈದ್ಯರಿಗೆ ಮೊದಲು ಹೇಳಿ.