ಅಂಗಾಲಿಗೂ ಅಕ್ಷರಾಭ್ಯಾಸ

ಕೊಯಮತ್ತೂರಿನಿಂದ ಸತ್ಯಮಂಗಲದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಶರವಣಂಪಟ್ಟಿ ಎಂಬ ಊರಿದೆ. ಅದನ್ನು ಊರೆನ್ನಬೇಕೋ ನಗರವೆನ್ನಬೇಕೋ ತಿಳಿಯದು; 2011ರಲ್ಲಿ ಅದು ಕೊಯಮತ್ತೂರು ಮಹಾನಗರ ಪಾಲಿಕೆಗೆ ಸೇರಿಹೋಯಿತು. ಹೊಲಗಳಿದ್ದೆಡೆ ಗಾಜಿನ ಗೋಡೆಗಳ ಕಂಪ್ಯೂಟರ್ ಕಚೇರಿಗಳು ಎದ್ದಿವೆ. ನಮ್ಮ ಒಕ್ಕಲಿಗರ, ದೇವಾಂಗರ ಮನೆಗಳ ಅನೇಕ ಮಕ್ಕಳು ಇಂದು ಅಲ್ಲಿ ಹಗಲಿರುಳೆನ್ನದೆ ಕುಳಿತು ದುಡಿಯುತ್ತಿದ್ದಾರೆ. ಕುಳಿತು ದುಡಿಯುವವರಿಗೆ ಬೆನ್ನು ಹಿಡಿಯುವುದು, ಹೊಟ್ಟೆ ಬೆಳೆಯುವುದು ಸಹಜ. ಆದುದರಿಂದ ಅವರಲ್ಲಿ ಕೆಲವರು ಬೆಳಗಿನ ಜಾವ ಎದ್ದು ಚಿನ್ನವೇಡಂಪಟ್ಟಿ ಕೆರೆಯ ಸುತ್ತಿನ ಮಣ್ಣುದಾರಿಗಳಲ್ಲಿ ಓಡುತ್ತಾರೆ. ಇದು ಸಂತೋಷಪಡಬೇಕಾದ ಸಂಗತಿಯೇ. ಇತ್ತೀಚೆಗೆ ಅವರಲ್ಲಿ ಒಂದು ಹೊಸ ಹುಮ್ಮಸ್ಸು ಕಾಣಿಸಿಕೊಂಡಿದೆ. ಬೂಟು ಕಳಚಿ ಬರಿಗಾಲಿನಲ್ಲಿ ಓಡುವುದು, ಇಲ್ಲವೇ ಕಾಗದದಂತೆ ತೆಳುವಾದ ಅಟ್ಟೆಯ ಪಾದರಕ್ಷೆ ಧರಿಸಿ ಓಡುವುದು.

ಈ ವಿಷಯವಾಗಿ ನಮ್ಮ ವಾಚಕರೊಬ್ಬರು ನನಗೆ ಬರೆದಿದ್ದಾರೆ. ಅವರ ಮಗನಿಗೆ ಇಪ್ಪತ್ತೇಳು ವರ್ಷ. ಬರಿಗಾಲಿನ ಓಟದ ಮಹಿಮೆಯನ್ನು ಎಲ್ಲಿಯೋ ಕೇಳಿ, ಒಂದು ಭಾನುವಾರ ಬೂಟನ್ನು ಮನೆಯಲ್ಲಿಯೇ ಬಿಟ್ಟು ಎಂಟು ಕಿಲೋಮೀಟರ್ ಓಡಿಬಂದನಂತೆ. ಮೀನಖಂಡ ಬಿಗಿದುಕೊಂಡಿತು, ಅದನ್ನು ಲೆಕ್ಕಿಸಲಿಲ್ಲ. ಮೂರನೆಯ ವಾರ ಪಾದದ ಮೇಲ್ಭಾಗ ಬಾತುಕೊಂಡಿತು. ವೈದ್ಯರು ಪರೀಕ್ಷಿಸಿ, ಬೆರಳುಗಳ ಹಿಂದಿನ ನೀಳ ಎಲುಬೊಂದರಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆಯೆಂದು ಆರು ವಾರಗಳ ವಿಶ್ರಾಂತಿ ವಿಧಿಸಿದರು. ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು. ಎಂಬತ್ತು ದಾಟಿದ ಅಜ್ಜ, “ನಾನು ಒಂದು ಜೊತೆ ಚಪ್ಪಲಿಗಾಗಿ ಎಷ್ಟು ವರ್ಷ ಕಾದೆ ಗೊತ್ತೇನಪ್ಪಾ? ಸಾವಿರಾರು ರೂಪಾಯಿ ಕೊಟ್ಟು ಕೊಂಡದ್ದನ್ನು ಬಿಸಾಡಿ ಕೂಲಿಯವನ ಹಾಗೆ ಓಡುತ್ತೀಯಲ್ಲ!” ಎಂದು ಕೂಗಾಡಿದರಂತೆ. ಮೊಮ್ಮಗ, “ನೀವೆಲ್ಲ ಬರಿಗಾಲಿನಲ್ಲಿಯೇ ಗಟ್ಟಿಯಾಗಿ ಬದುಕಲಿಲ್ಲವೇ ತಾತಾ?” ಎಂದನಂತೆ. “ಇವರಿಬ್ಬರಲ್ಲಿ ಯಾರು ಸರಿ, ಮೇಷ್ಟರೇ ಹೇಳಬೇಕು” ಎಂದು ಪತ್ರ ಮುಗಿದಿದೆ.

ಅಜ್ಜನ ಸಿಟ್ಟನ್ನು ಹಳೆಯ ಕಾಲದವರ ಗೊಣಗಾಟವೆಂದು ತಳ್ಳಿಹಾಕುವುದು ತರವಲ್ಲ. ಕೊಂಗುನಾಡಿನಲ್ಲಿ ಪಾದರಕ್ಷೆ ಬರಿಯ ಸೌಕರ್ಯದ ವಸ್ತುವಾಗಿರಲಿಲ್ಲ, ಮರ್ಯಾದೆಯ ಪ್ರಶ್ನೆಯಾಗಿತ್ತು. ಯಾರ ಬೀದಿಯಲ್ಲಿ ಯಾರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಾಗಿತ್ತೆಂಬುದನ್ನು ನಮ್ಮ ಮನೆಗಳ ಹಿರಿಯರೂ ಬಲ್ಲರು. ಅದು ಮುಗಿದುಹೋದ ಕಥೆಯೂ ಅಲ್ಲ. ತಿರುಪ್ಪೂರು ಜಿಲ್ಲೆಯ ಮಡತುಕ್ಕುಳಂ ತಾಲೂಕಿನ ರಾಜಾವೂರಿನಲ್ಲಿ ದಲಿತರು ಚಪ್ಪಲಿ ಮೆಟ್ಟಿ ನಡೆಯಲಾಗದಿದ್ದ ಬೀದಿಯೊಂದಿತ್ತು. ಅವರು ಗುಂಪುಗೂಡಿ ಚಪ್ಪಲಿ ಧರಿಸಿಯೇ ಆ ಬೀದಿಯಲ್ಲಿ ನಡೆದದ್ದು 2023ರ ಡಿಸೆಂಬರಿನಲ್ಲಿ. ಬೇಕೆಂದಾಗ ಬೂಟು ಹಾಕಿಕೊಳ್ಳಬಲ್ಲವನು ಬರಿಗಾಲಿನಲ್ಲಿ ಓಡುವುದು ಬೇರೆ, ಹಾಕಿಕೊಳ್ಳಲು ಬಿಡದ ಬೀದಿಯಲ್ಲಿ ಬರಿಗಾಲಿನಲ್ಲಿ ನಡೆಯುವುದು ಬೇರೆ. ಮೊಮ್ಮಗನು ಈ ವ್ಯತ್ಯಾಸವನ್ನು ಅರಿತು ತಾತನೊಡನೆ ಮಾತನಾಡಿದ್ದರೆ ಮನೆಯಲ್ಲಿ ಅರ್ಧ ಜಗಳ ಕಡಿಮೆಯಾಗುತ್ತಿತ್ತೆಂದು ನನಗನ್ನಿಸುತ್ತದೆ.

ಆದರೆ ಮೊಮ್ಮಗನ ಮಾತಿನಲ್ಲಿಯೂ ಹುರುಳಿಲ್ಲದೆ ಇಲ್ಲ. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಆಟೋಟಗಳಲ್ಲಿ ರೈತಾಪಿ ಯುವಕರು ಬರಿಗಾಲಿನಲ್ಲಿ ಓಡುವುದನ್ನು ಕಂಡು ಸರ್ ದೊರಾಬ್ಜಿ ಟಾಟಾ ಬೆರಗಾದರು. ಇಂಥವರನ್ನು ಒಲಿಂಪಿಕ್ಸಿಗೆ ಕಳುಹಿಸಬೇಕೆಂಬ ಯೋಚನೆ ಅಲ್ಲಿಂದ ಬಲಗೊಂಡಿತು. ಮರುವರ್ಷ ಆಂಟ್‌ವರ್ಪಿಗೆ ಹೋದವರಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆಯವರೂ ಇದ್ದರು. ಮ್ಯಾರಥಾನಿನಲ್ಲಿ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಓಡಿ 19ನೆಯವರಾದರು. ನಲವತ್ತು ವರ್ಷಗಳ ತರುವಾಯ, 1960ರಲ್ಲಿ, ಇಥಿಯೋಪಿಯದ ಅಬೆಬೆ ಬಿಕಿಲಾ ರೋಮ್ ನಗರದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ಓಡಿ 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದರ ಉತ್ತರಾರ್ಧವನ್ನು ಹೇಳುವವರು ಕಡಿಮೆ. 1964ರಲ್ಲಿ ಟೋಕಿಯೋದಲ್ಲಿ ಅದೇ ಬಿಕಿಲಾ ಬೂಟು ಧರಿಸಿ ಓಡಿ, ಮೂರು ನಿಮಿಷ ಮೊದಲೇ ಗುರಿಮುಟ್ಟಿ ಮತ್ತೊಮ್ಮೆ ಚಿನ್ನ ಗೆದ್ದರು.

ಇನ್ನು ನಮ್ಮ ಕರಾವಳಿಯ ಕಂಬಳ. 2020ರ ಫೆಬ್ರವರಿಯಲ್ಲಿ ಐಕಳದ ಕೆಸರುಗದ್ದೆಯಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಕುಣಿದಾಡಿತು. ಓಟದ ಅಂಕಣದಲ್ಲಿ ಪರೀಕ್ಷೆಗೆ ಬರುವಂತೆ ಕೇಂದ್ರ ಕ್ರೀಡಾ ಸಚಿವರಿಂದಲೇ ಕರೆ ಬಂದಿತು. ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿಗೆ ಕೆಲಸ, ಅಂಕಣದಲ್ಲಿ ಕಾಲ್ಬೆರಳಿಗೆ ಕೆಲಸ, ಎರಡೂ ಒಂದಲ್ಲ ಎಂಬ ಅರ್ಥದ ಮಾತನ್ನು ಅವರು ಆಡಿದರು. ಕಾಲು ತಾನು ಕಲಿತ ನೆಲವನ್ನು ಬಲ್ಲದು, ಕಲಿಯದ ನೆಲವನ್ನು ಅರಿಯದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ನಾನು ತರಗತಿಯಲ್ಲಿ ವಿವರಿಸಲಾರೆ.

ಒಂದು ಪಾದದಲ್ಲಿ 26 ಎಲುಬುಗಳಿವೆ. ಅಂಗಾಲಿನ ಕಮಾನಿನ ಅಡಿಯಲ್ಲಿ ಸ್ನಾಯುಗಳು ನಾಲ್ಕು ಪದರಗಳಾಗಿ ಹಾಸಿಕೊಂಡಿವೆ. ಸಾಮಾನ್ಯವಾದ ಓಟದ ಬೂಟಿನಲ್ಲಿ ಹಿಮ್ಮಡಿಯು ಬೆರಳುಗಳಿಗಿಂತ ಹತ್ತು ಹನ್ನೆರಡು ಮಿಲಿಮೀಟರ್ ಎತ್ತರದಲ್ಲಿರುತ್ತದೆ, ಅದರಡಿಯಲ್ಲಿ ಮೆತ್ತೆಯಿರುತ್ತದೆ. ಆದುದರಿಂದ ಓಡುವವನು ಕಾಲನ್ನು ಮುಂದಕ್ಕೆ ಚಾಚಿ ಹಿಮ್ಮಡಿಯನ್ನು ಬಲವಾಗಿ ಊರಿದರೂ ನೋವು ತಿಳಿಯದು. ಬೂಟು ಕಳಚಿದಾಗ ಹಿಮ್ಮಡಿಯೇ ಆಕ್ಷೇಪಿಸುತ್ತದೆ. ಆಗ ಹೆಜ್ಜೆ ಚಿಕ್ಕದಾಗುತ್ತದೆ, ಪಾದದ ಮುಂಭಾಗ ಮೊದಲು ನೆಲ ಮುಟ್ಟುತ್ತದೆ. ಹಾರ್ವರ್ಡಿನ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದು ಇದನ್ನೇ: ಬರಿಗಾಲಿಗೆ ಒಗ್ಗಿದವರು ಹೀಗೆ ಇಳಿದಾಗ ನೆಲ ಮುಟ್ಟುವ ಕ್ಷಣದ ಪೆಟ್ಟು ಬಹಳ ಕಡಿಮೆಯಾಗುತ್ತದೆ. ಎಲ್ಲರೂ ಹೀಗೆಯೇ ಓಡುವರೆಂದೇನೂ ಇಲ್ಲ. ಕೆನ್ಯಾದ ದಾಸನಾಚ್ ಜನರು ಬರಿಗಾಲಿನವರೇ. ಅವರಲ್ಲಿ ಬಹುಮಂದಿ ನಿಧಾನವಾಗಿ ಓಡುವಾಗ ಹಿಮ್ಮಡಿಯನ್ನೇ ಮೊದಲು ಊರುತ್ತಾರೆಂದು 2013ರ ಅಧ್ಯಯನವೊಂದು ಕಂಡುಕೊಂಡಿತು.

ಹಿಮ್ಮಡಿಗೆ ತಪ್ಪಿದ ಪೆಟ್ಟು ಆವಿಯಾಗಿ ಹೋಗುವುದಿಲ್ಲ. ಅದರ ಹೊರೆಯನ್ನು ಮೀನಖಂಡ, ಹಿಮ್ಮಡಿಯ ಮೇಲಿನ ದಪ್ಪ ರಜ್ಜು ಮತ್ತು ಪಾದದ ನೀಳ ಎಲುಬುಗಳು ಹೊರಬೇಕು. ಸ್ನಾಯು ಕೆಲವು ವಾರಗಳಲ್ಲಿ ಬಲಗೊಳ್ಳುತ್ತದೆ. ಎಲುಬಿಗೆ ತಿಂಗಳುಗಳು ಬೇಕು. ಉಸಿರಿಗೆ ಹೇಗೂ ಮೊದಲಿನಿಂದಲೇ ಅಭ್ಯಾಸವಿದೆ. ಎಂಟು ಕಿಲೋಮೀಟರ್ ಓಡಬಲ್ಲ ಉಸಿರು, ಎಂಟುನೂರು ಮೀಟರ್ ಓಡಬಲ್ಲ ಎಲುಬು: ಇವೆರಡೂ ಒಂದೇ ದೇಹದಲ್ಲಿರುವುದೇ ಅಪಾಯ. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಬೆರಳುಗಳುಳ್ಳ ತೆಳು ಪಾದರಕ್ಷೆಗೆ ಹತ್ತು ವಾರಗಳಲ್ಲಿ ಬದಲಾದ 19 ಮಂದಿಯಲ್ಲಿ 10 ಮಂದಿಯ ಪಾದದ ಎಲುಬಿನೊಳಗೆ ಬಾವು ಕಾಣಿಸಿಕೊಂಡಿತ್ತು. ಅಂಥ ಪಾದರಕ್ಷೆಯ ಹೆಸರುವಾಸಿ ತಯಾರಕರಾದ ವಿಬ್ರಾಮ್ ಕಂಪನಿಯವರು, ಆರೋಗ್ಯಲಾಭದ ಬಗ್ಗೆ ಆಧಾರವಿಲ್ಲದ ಪ್ರಚಾರ ಮಾಡಿದರೆಂಬ ದಾವೆಯನ್ನು 2014ರಲ್ಲಿ 37.5 ಲಕ್ಷ ಡಾಲರ್ ಕೊಡಲೊಪ್ಪಿ ರಾಜಿಮಾಡಿಕೊಂಡರು. ಬರಿಗಾಲಿನ ಓಟದಿಂದ ಗಾಯಗಳು ಕಡಿಮೆಯಾಗುತ್ತವೆಂಬುದು ಇಂದಿಗೂ ಸಾಬೀತಾಗಿಲ್ಲ. ಗಾಯದ ಜಾಗ ಬದಲಾಗುತ್ತದೆ, ಅಷ್ಟೆ. ಮಂಡಿಯ ಹೊರೆ ಇಳಿಯುತ್ತದೆ, ಪಾದದ ಹೊರೆ ಏರುತ್ತದೆ.

ಹಾಗಾದರೆ ಬಿಟ್ಟುಬಿಡಬೇಕೇ? ಬೇಡ. ನಮ್ಮ ಶಾಲೆಯ ಮೈದಾನದಲ್ಲಿ ಓಟದ ಪಂದ್ಯ ಬಂದೊಡನೆ ಮಕ್ಕಳು ಕಾಲಿನದನ್ನು ಕಳಚಿ ಗೋಡೆಯ ಬದಿಗೆ ಸಾಲಾಗಿ ಇಡುತ್ತಾರೆ. ಯಾರೂ ಅವರಿಗೆ ಹಾಗೆ ಹೇಳಿಕೊಟ್ಟಿಲ್ಲ. ನೆಲವನ್ನು ಅಂಗಾಲಿನಿಂದ ಅರಿತು ಓಡುವುದರಲ್ಲಿ ಒಂದು ಸುಖವಿದೆ. ಅದಲ್ಲದೆ ನಮ್ಮವರಿಗೆ ಒಂದು ಅನುಕೂಲವೂ ಉಂಟು: ನಾವು ಮನೆಯೊಳಗೆ ಚಪ್ಪಲಿ ಮೆಟ್ಟುವವರಲ್ಲ, ಗುಡಿಯಲ್ಲಿ ಮೆಟ್ಟುವವರಲ್ಲ. ವೆಳ್ಳಿಯಂಗಿರಿಯ ಏಳು ಬೆಟ್ಟಗಳನ್ನು ಭಕ್ತರು ಬಿದಿರಿನ ಕೋಲೂರಿ ಬರಿಗಾಲಿನಲ್ಲಿಯೇ ಏರುತ್ತಾರೆ. ಆದರೆ ಅದು ನಡಿಗೆ. ನಡೆಯುವಾಗ ಒಂದು ಕಾಲು ಸದಾ ನೆಲದ ಮೇಲಿರುತ್ತದೆ. ಓಡುವಾಗ ಇಡೀ ದೇಹ ಗಾಳಿಯಿಂದ ಕೆಳಕ್ಕೆ ಬೀಳುತ್ತದೆ. ಬೆಟ್ಟ ಹತ್ತಿದ್ದೇನೆಂಬ ಧೈರ್ಯ ಓಟಕ್ಕೆ ಸಾಲದು.

ಒಂದನೆಯ ತರಗತಿಯ ಮಗುವಿಗೆ ಮೊದಲ ದಿನವೇ ಒತ್ತಕ್ಷರ ಬರೆಯಿಸುವುದಿಲ್ಲ. ಮರಳಿನ ಮೇಲೆ ಬೆರಳು ತಿದ್ದಿಸುತ್ತೇವೆ. ಅಂಗಾಲಿಗೂ ಅದೇ ಕ್ರಮ. ಮೊದಲನೆಯ ತಿಂಗಳು ಬರಿಗಾಲಿನ ಓಟವೇ ಬೇಡ. ಎಂದಿನ ಓಟ ಎಂದಿನ ಬೂಟಿನಲ್ಲಿಯೇ ನಡೆಯಲಿ. ದಿನವೂ ಹತ್ತು ನಿಮಿಷ ಮಣ್ಣಿನ ಮೇಲೆ ಬರಿಗಾಲಿನಲ್ಲಿ ನಡೆದು, ಮೆಲ್ಲಗೆ ಅದನ್ನು ಅರ್ಧ ಗಂಟೆಗೆ ಒಯ್ಯಬೇಕು. ಗೋಡೆ ಹಿಡಿದು ತುದಿಗಾಲಿನ ಮೇಲೆ ಹದಿನೈದು ಸಲ ನಿಧಾನವಾಗಿ ಏಳುವುದು, ಇಳಿಯುವುದು. ನೆಲದ ಮೇಲೆ ಟವೆಲ್ ಹಾಸಿ ಕಾಲ್ಬೆರಳುಗಳಿಂದ ಮುದುಡಿ ಎಳೆದುಕೊಳ್ಳುವುದು. ಇವು ಮಕ್ಕಳಾಟದಂತೆ ಕಾಣಬಹುದು. ನಾಲ್ಕನೆಯ ದಿನ ಅಂಗಾಲು ನೋಯತೊಡಗಿದಾಗ ಅಲ್ಲಿ ಸ್ನಾಯುಗಳಿರುವುದು ತಿಳಿಯುತ್ತದೆ.

ಎರಡನೆಯ ತಿಂಗಳಿನಲ್ಲಿ ದಿನ ಬಿಟ್ಟು ದಿನ ಒಂದೆರಡು ನಿಮಿಷ ಬರಿಗಾಲಿನಲ್ಲಿ ಓಡಬಹುದು. ಹುಲ್ಲಿನ ಮೇಲಲ್ಲ, ಗಟ್ಟಿಯಾದ, ನುಣುಪಾದ ನೆಲದ ಮೇಲೆ. ಹುಲ್ಲು ಮೆತ್ತಗಿರುವುದರಿಂದ ಒರಟು ಹೆಜ್ಜೆಯನ್ನು ಕ್ಷಮಿಸುತ್ತದೆ, ಒಡಲಲ್ಲಿ ಗಾಜಿನ ಚೂರನ್ನೂ ಅಡಗಿಸಿಕೊಳ್ಳುತ್ತದೆ. ಗಟ್ಟಿ ನೆಲ ಕಟ್ಟುನಿಟ್ಟಿನ ಉಪಾಧ್ಯಾಯರಂತೆ, ತಪ್ಪನ್ನು ಆಗಲೇ ಹೇಳಿಬಿಡುತ್ತದೆ. ಮಂಡಿ ತುಸು ಬಾಗಿರಲಿ, ಪಾದ ದೇಹದ ನೇರಕ್ಕೆ ಕೆಳಗೆ ಇಳಿಯಲಿ, ಹಿಮ್ಮಡಿಯೂ ಹಿಂದಿನಿಂದ ಮೆಲ್ಲನೆ ನೆಲ ಮುಟ್ಟಲಿ. ಅದನ್ನು ಮೇಲೆಯೇ ಎತ್ತಿಹಿಡಿದು ಓಡುವವರೇ ಮೀನಖಂಡ ಹರಿದುಕೊಳ್ಳುವುದು. ನಿಮಿಷಕ್ಕೆ 170ರಿಂದ 180 ಹೆಜ್ಜೆಗಳಾದರೆ ಒಳ್ಳೆಯದು. ಕಿವಿಗೊಟ್ಟು ಕೇಳಿರಿ: ಹೆಜ್ಜೆಯ ಸದ್ದು ಜೋರಾದಷ್ಟೂ ಪೆಟ್ಟು ಜೋರು. ವಾರ ವಾರವೂ ಒಂದೆರಡು ನಿಮಿಷ ಹೆಚ್ಚಿಸುತ್ತ, ಅಷ್ಟನ್ನೇ ಬೂಟಿನ ಓಟದಲ್ಲಿ ಕಡಿಮೆ ಮಾಡಬೇಕು. ಒಟ್ಟು ದೂರ ಏರಬಾರದು. ಮೀನಖಂಡದ ನೋವು ಎರಡು ದಿನಗಳಲ್ಲಿ ಇಳಿದರೆ ಚಿಂತೆಯಿಲ್ಲ. ಪಾದದ ಮೇಲ್ಭಾಗದಲ್ಲಿ ಒಂದೇ ಬೆರಳಿನಿಂದ ಒತ್ತಿ ತೋರಿಸಬಹುದಾದಂಥ ನೋವು ಬಂದರೆ ಅಂದೇ ಓಟ ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು. ನಮ್ಮ ಯುವಕನು ಕಡೆಗಣಿಸಿದ್ದು ಇಂಥ ನೋವನ್ನೇ.

ಕಲ್ಲುಮುಳ್ಳಿನ ಕಾಲುದಾರಿ ನಾಲ್ಕನೆಯ ತಿಂಗಳಿನ ನಂತರದ ಮಾತು, ಅದೂ ಮೊದಲು ತೆಳು ಅಟ್ಟೆಯೊಡನೆ. ಅದಕ್ಕಾಗಿ ಅಂಗಡಿಯಲ್ಲಿ ಹತ್ತು ಸಾವಿರ ರೂಪಾಯಿ ಸುರಿಯಬೇಕಾಗಿಲ್ಲ. ಮೆಕ್ಸಿಕೋದ ಬೆಟ್ಟಗಳ ರರಾಮುರಿ ಜನರು, 2009ರಲ್ಲಿ ಕ್ರಿಸ್ಟೊಫರ್ ಮೆಕ್‌ಡೂಗಲ್ ಬರೆದ ‘ಬಾರ್ನ್ ಟು ರನ್’ ಪುಸ್ತಕದಿಂದ ಲೋಕಪ್ರಸಿದ್ಧರಾದವರು. ಅವರು ಓಡುವುದು ಹಳೆಯ ಟೈರಿನ ತುಂಡಿಗೆ ಚರ್ಮದ ಪಟ್ಟಿ ಕಟ್ಟಿದ ಚಪ್ಪಲಿಯಲ್ಲಿ. ನಮ್ಮ ಹೊಲಗಳ ಟೈರು ಚಪ್ಪಲಿಗೂ ಅದಕ್ಕೂ ವಂಶ ಒಂದೇ! ಹಿಮ್ಮಡಿಯ ಹಿಂದೆ ಒಂದು ಪಟ್ಟಿ ಹೊಲಿಸಿಕೊಂಡರೆ ಸಾಕು. ಅದಿಲ್ಲದೆ ಓಡಿದರೆ ಚಪ್ಪಲಿ ಜಾರದಂತೆ ಹಿಡಿಯಲು ಬೆರಳುಗಳು ಸೊಟ್ಟಗಾಗುತ್ತವೆ. ಪತ್ರದ ಅಜ್ಜನವರ ಮನೆಯ ಅಟ್ಟದಲ್ಲಿ ಒಂದು ಜೊತೆ ಇದ್ದರೂ ಇದ್ದೀತು. ಇಷ್ಟಾಗಿ ನೆಮ್ಮದಿಯಿಂದ ಐದಾರು ಕಿಲೋಮೀಟರ್ ಓಡುವಂತಾಗಲು ಆರು ತಿಂಗಳಿನಿಂದ ಒಂದು ವರ್ಷ ಬೇಕಾದೀತು.

ಅಂಗಾಲು ಜಡ್ಡುಗಟ್ಟಿದರೆ ಸ್ಪರ್ಶಜ್ಞಾನ ಹೋಗುವುದೆಂಬ ಹೆದರಿಕೆ ಕೆಲವರಿಗಿದೆ. ಹಾಗಿಲ್ಲವೆಂದು 2019ರಲ್ಲಿ ಕೆನ್ಯಾದವರನ್ನೂ ಅಮೆರಿಕದವರನ್ನೂ ಪರೀಕ್ಷಿಸಿ ಕಂಡುಕೊಂಡಿದ್ದಾರೆ. ದಪ್ಪಗಾದ ಚರ್ಮವೂ ನೆಲದ ಒತ್ತಡವನ್ನು ಒಳಗಿನ ನರಗಳಿಗೆ ತಲುಪಿಸುತ್ತದೆ. ನರಗಳೇ ಮಂಕಾಗುವುದು ಸಕ್ಕರೆ ಕಾಯಿಲೆಯಲ್ಲಿ. ಆ ಕಾಯಿಲೆಯುಳ್ಳವರು, ಎಷ್ಟೇ ಗಟ್ಟಿಮುಟ್ಟಾಗಿದ್ದರೂ, ಬರಿಗಾಲಿನ ಓಟಕ್ಕೆ ಇಳಿಯಲೇಬಾರದು. ಮುಳ್ಳು ಚುಚ್ಚಿದ್ದು ತಿಳಿಯದೆ, ಕೀವಾದ ಮೇಲೆ ವಾಸನೆಯಿಂದ ತಿಳಿದು, ಬೆರಳನ್ನೇ ಕಳೆದುಕೊಂಡವರುಂಟು. ಜನರು ಬಹಿರ್ದೆಸೆಗೆ ಹೋಗುವ ತೇವದ ಜಾಗಗಳನ್ನೂ ಬಿಡಬೇಕು. ಕೊಕ್ಕೆಹುಳುವಿನ ಮರಿ ಅಂಗಾಲಿನ ಚರ್ಮವನ್ನೇ ಕೊರೆದು ಒಳಸೇರುತ್ತದೆ. ಧನುರ್ವಾಯುವಿನ ಚುಚ್ಚುಮದ್ದು ಬಾಕಿಯಿದ್ದರೆ ಹಾಕಿಸಿಕೊಂಡಿರಬೇಕು. ಕತ್ತಲೆಯಲ್ಲಿ ಓಡಬಾರದು, ಕೊಳಕುಮಂಡಲ ದಾರಿಯ ಧೂಳಿನಲ್ಲಿಯೇ ಮಲಗಿರುತ್ತದೆ.

ಹುಡುಗನಿಗೆ ಈಗ ಎಲುಬು ಕೂಡಿದೆಯೆಂದು ತಂದೆಯವರು ಬರೆದಿದ್ದಾರೆ. ಮತ್ತೆ ಆರಂಭಿಸುವುದಾದರೆ ವೈದ್ಯರ ಒಪ್ಪಿಗೆ ಪಡೆದು, ನಡಿಗೆಯಿಂದಲೇ ಆರಂಭಿಸಲಿ. ಕೆರೆಯಂಗಳದ ಬಳ್ಳಾರಿ ಜಾಲಿಯ ಮುಳ್ಳು ತೆಳು ಅಟ್ಟೆಯನ್ನೂ ತೂರಿ ಬರುತ್ತದೆ. ಮಳೆ ನಿಂತ ಮೇಲೆ ನೆಗ್ಗಿಲಿನ ಕಾಯಿ ಒಣಗಿ ದಾರಿಯುದ್ದಕ್ಕೂ ಚೆಲ್ಲಿರುತ್ತದೆ. ಕಿಸೆಯಲ್ಲಿ ಒಂದು ಸೂಜಿ, ಒಂದು ಚಿಮಟ ಇರಲಿ. ಮುಳ್ಳು ಅರ್ಧಕ್ಕೆ ಮುರಿದು ಒಳಗೆ ಉಳಿದರೆ ದಾರಿಯಲ್ಲಿಯೇ ಕುಳಿತು ಕೆದಕದೆ, ಕಾಲು ತೊಳೆದು ಬೆಳಕಿನಲ್ಲಿ ನೋಡಿ ತೆಗೆಯಿರಿ. ಸಿಕ್ಕದಿದ್ದರೆ ಆಸ್ಪತ್ರೆಗೆ ಹೋಗಿರಿ.